ಅತ್ತೆಯ ಎಡಗಾಲು

ನನಗೊಂದು ಅನುಮಾನ ಹೊಕ್ಕಿತೆಂದರೆ ಮುಗಿಯಿತು, ತಿಂದದ್ದು ಮೈಗೆ ಹತ್ತುವುದಿಲ್ಲ. ಇದು ಕೆಲಸದಿಂದ ಅಂಟಿದ ರೋಗ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಬಟ್ಟು, ಅಳತೆಯ ಪಾತ್ರೆ ಎಲ್ಲ ಸರಿ ಇವೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಉದ್ಯೋಗ. ತಟ್ಟೆಯ ಅಡಿಗೆ ಅಯಸ್ಕಾಂತ ಅಂಟಿಸಿದವರನ್ನೂ, ನಗುನಗುತ್ತ ಮಾತಾಡಿಸಿಕೊಂಡು ಅಂಚಿಗೆ ಹೆಬ್ಬೆರಳು ತಾಗಿಸುವವರನ್ನೂ ನೋಡಿ ನೋಡಿ, ಯಾರಾದರೂ "ಎಲ್ಲ ಸರಿ ಇದೆ ಬಿಡಿ ಮೇಡಂ" ಅಂದರೆ ಸಾಕು, ಕಿವಿ ನೆಟ್ಟಗಾಗುತ್ತದೆ. ಅದಕ್ಕೇ ನಮ್ಮತ್ತೆ ನನ್ನನ್ನು ಕರೆಯುವುದೇ ತಕ್ಕಡಿ ಅಂತ. ಮದುವೆಯಾದ ಹೊಸದರಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಈಗ ನನ್ನ ಹೆಸರು ಹಿಡಿದು ಯಾರಾದರೂ ಕೂಗಿದರೆ ಬೇರೆ ಯಾರನ್ನೋ ಕರೆದರು ಅಂದುಕೊಳ್ಳುತ್ತೇನೆ.

ಈ ಸಲ ಅನುಮಾನ ಬಂದದ್ದು ಅತ್ತೆಯ ಎಡಗಾಲಿನ ವಿಷಯಕ್ಕೆ.

ಅತ್ತೆ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಈ ಊರಿನಲ್ಲಿ ಸ್ಟೇರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಅವರ ಬಾಯಲ್ಲಿ ಬೈಸಿಕೊಂಡೇ ಕಲಿತವರು. ಸ್ಕೂಲು ಚೆನ್ನಾಗಿ ನಡೆಯುತ್ತಿದ್ದಾಗ ಅವರು ತಮ್ಮ ದುಡಿಮೆಯಲ್ಲಿ, ಯಾರನ್ನೂ ಒಂದು ಮಾತು ಕೇಳದೆ, ಒಂದು ಹಳೇ ಸ್ಪೋರ್ಟ್ಸ್ ಕಾರು ಕೊಂಡುಬಿಟ್ಟರು. ಎರಡೇ ಸೀಟು, ಬಟ್ಟೆಯ ಟಾಪು, ಹಸಿರು ಬಣ್ಣ, ನೆಲಕ್ಕೆ ಹೊಟ್ಟೆ ಹಚ್ಚಿ ಕೂತ ಅಗಲ ಮುಸುಡಿ. ಮನೆಯವರೆಲ್ಲ ಅದಕ್ಕೆ ಕಪ್ಪೆ ಅನ್ನುತ್ತೇವೆ. ಕಪ್ಪೆಯ ಮೇಲೆ ಅತ್ತೆಗಿರುವ ಪ್ರೀತಿಯಲ್ಲಿ ಕಾಲುಭಾಗ ಸೊಸೆಯ ಮೇಲಿದ್ದಿದ್ದರೆ ನಾನು ಇನ್ನೂ ಸ್ವಲ್ಪ ದಪ್ಪಗಾಗುತ್ತಿದ್ದೆ.

ನಮ್ಮ ಮನೆಯ ಮುಂದೆ ರಸ್ತೆ ಏರುತ್ತದೆ. ಏರಿನ ನಡುವೆ ಎಂಥವರೂ ಗೇರ್ ಇಳಿಸಲೇಬೇಕು. ಅತ್ತೆಯ ಕೋಣೆ ಮಹಡಿಯ ಮೇಲೆ, ಕಿಟಕಿ ಸರಿಯಾಗಿ ಆ ಏರಿನ ಕಡೆಗೆ. ಬೆಳಗ್ಗೆ ಟೀ ಲೋಟ ಹಿಡಿದು ಅಲ್ಲಿ ಕೂತರೆಂದರೆ ಹೋಗುವ ಬರುವ ಗಾಡಿಗಳಿಗೆಲ್ಲ ಮಂಗಳಾರತಿ. "ಕ್ಲಚ್ ಪೂರ್ತಿ ಒತ್ತೋ, ಗೇರ್‌ಬಾಕ್ಸು ನಿಮ್ಮಪ್ಪಂದಾ" ಅಂತ ಅವರು ಹೇಳುವುದು ಕೆಳಗೆ ನಮ್ಮ ಹಾಸಿಗೆಗೇ ಕೇಳಿಸುತ್ತಿತ್ತು. ನಮ್ಮ ಮನೆಗೆ ಅಲಾರಂ ಬೇಕಾಗಿರಲಿಲ್ಲ.

ಹೀಗಿದ್ದ ಅತ್ತೆಗೆ ಎಡ ಮಂಡಿಯ ಆಪರೇಷನ್ ಆಯಿತು. ಮಂಡಿ ಚೆನ್ನಾಗಿ ಕೂಡಿಕೊಂಡಿದೆ, ನಡೆಯಿರಿ, ಮೆಟ್ಟಿಲು ಹತ್ತಿ, ಗಾಡಿ ಓಡಿಸಿ, ಏನು ಬೇಕಾದರೂ ಮಾಡಿ ಅಂದರು ಆಸ್ಪತ್ರೆಯವರು. ಅತ್ತೆ ಆ ಮಾತಿಗೇ ಕಾದಿದ್ದವರ ಹಾಗೆ ಶೆಡ್ಡಿಗೆ ಹೋಗಿ ಕಪ್ಪೆಯಲ್ಲಿ ಕೂತರು. ಗಾಡಿ ಗೇಟಿನ ತನಕ ಕೀರೆನ್ನುತ್ತ ಹೋಗಿ ನಿಂತುಬಿಟ್ಟಿತು. ಇಳಿದು ಬಂದ ಅತ್ತೆಯ ಮುಖ ಬಿಳುಚಿಕೊಂಡಿತ್ತು. "ಕ್ಲಚ್ಚು ಒತ್ತೋಕೆ ಆಗ್ತಿಲ್ಲ ಕಣೇ" ಅಂದರು.

ನಮ್ಮವರು ಹೋಗಿ ಕೂತು, ಒಂದು ಸಲ ಒತ್ತಿ, ಇಳಿದು, "ಏನೂ ಭಾರ ಇಲ್ಲಮ್ಮ, ಯಾವಾಗಲೂ ಇದ್ದ ಹಾಗೇ ಇದೆ" ಅಂದರು. ಅಷ್ಟೇ. ಭಾರ ಕ್ಲಚ್ಚಲ್ಲಿ ಇಲ್ಲ ಎಂದ ಮೇಲೆ ಸೋತದ್ದು ಕಾಲು. ಆ ಲೆಕ್ಕ ಅತ್ತೆ ಅಲ್ಲೇ ಗೇಟಿನ ಹತ್ತಿರವೇ ಹಾಕಿ ಮುಗಿಸಿದರು.

ಆಮೇಲೆ ಒಂದೊಂದಾಗಿ ಶುರುವಾಯಿತು. ಪೇಟೆಗೆ ನೀನೇ ಹೋಗಿ ಬಾ ಅಂದರು. ಮೆಟ್ಟಿಲಿನ ಬುಡದಲ್ಲಿ ನಿಂತು ಮೇಲೆ ನೋಡಿ ವಾಪಸು ಬಂದರು. ಕಡೆಗೆ ಮಂಚವನ್ನೇ ಕೆಳಗೆ ತರಿಸಿ, ಅಡುಗೆಮನೆಯ ಪಕ್ಕ ಇಸ್ತ್ರಿ ಟೇಬಲ್ ಇಡುವ ಕೋಣೆಯಲ್ಲಿ ಹಾಕಿಸಿಕೊಂಡರು. ಆ ಕೋಣೆಯ ಕಿಟಕಿಗೆ ಕಾಣುವುದು ಪಕ್ಕದ ಮನೆಯ ಗೋಡೆ ಮಾತ್ರ. ಬೆಳಗ್ಗೆ ಗಾಡಿಗಳು ಏರಿನಲ್ಲಿ ಕಿರಗುಟ್ಟಿಕೊಂಡು ಹೋಗುತ್ತಿದ್ದವು, ಬೈಯುವವರೇ ಇರಲಿಲ್ಲ. ನಾನಂತೂ ಅತ್ತೆಯ ಬಾಯಿಗೆ ಹೆದರಿಕೊಂಡೇ ಈ ಮನೆಯಲ್ಲಿ ಬಾಳಿದವಳು. ಆ ಬಾಯಿ ನಿಂತುಹೋದರೆ ಇಷ್ಟು ಸಂಕಟವಾಗುತ್ತದೆಂದು ಗೊತ್ತಿರಲಿಲ್ಲ.

ಕಪ್ಪೆಯನ್ನು ಮಾರುವುದೆಂದೂ ಆಯಿತು. ನಮ್ಮವರದು ಕನ್ನಡಕದ ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರು, ಇವರ ಗೆಳೆಯ. ಅವರು ಒಂದು ಸಂಜೆ ಬಂದು, ಕಪ್ಪೆಯಲ್ಲಿ ಕೂತು ಕ್ಲಚ್ಚು ಒತ್ತಿ, "ಬೆಣ್ಣೆ ಇದ್ದ ಹಾಗಿದೆ" ಅಂದರು. ಆ ಮಾತು ಬಿದ್ದಾಗ ನಾನು ಅತ್ತೆಯ ಮುಖ ನೋಡಿದೆ, ನೋಡಬಾರದಿತ್ತು. ಭಾನುವಾರ ಬಂದು ಗಾಡಿ ಒಯ್ಯುವುದೆಂದು ಮಾತಾಯಿತು. ಎರಡು ದಿನ ಬಿಟ್ಟು ಡಾಕ್ಟರಿಂದ ಒಂದೇ ಒಂದು ಕೋರಿಕೆ ಬಂತು: ಕೊಡುವ ಮುಂಚೆ ಕ್ಲಚ್ಚಿನ ಆಯಿಲ್ ಬದಲಾಯಿಸಿ ಕೊಟ್ಟರೆ ಉಪಕಾರ.

ನನ್ನ ಕಿವಿ ನೆಟ್ಟಗಾದದ್ದು ಆಗ. ಬೆಣ್ಣೆಯಂಥ ಕ್ಲಚ್ಚಿಗೆ ಆಯಿಲ್ ಯಾಕೆ ಬದಲಾಯಿಸಬೇಕು?

ಅದರ ಜೊತೆಗೆ ಟ್ರಂಕಿನ ವಿಷಯ ಬೇರೆ. ಮಹಡಿಯಿಂದ ಬಟ್ಟೆಬರೆ ಕೆಳಗೆ ತಂದಾಗ ಅತ್ತೆಯ ಹಳೇ ಟ್ರಂಕಿನ ಮುಚ್ಚಳ ಹಾಕಲಾಗಲಿಲ್ಲ. ನಾನು ಮೇಲೆ ಕೂತೆ, ಕೂತು ಕುಣಿದೆ, ಚಿಲಕ ಕೂಡಲಿಲ್ಲ. ಅತ್ತೆ ಗೊಣಗುತ್ತ ಬಂದು, "ಸರಿ ಆಚೆಗೆ" ಅಂದು, ಬಲಗಾಲ ಮೇಲೆ ನಿಂತು ಎಡಗಾಲು ಮುಚ್ಚಳದ ಮೇಲಿಟ್ಟು ಒಂದು ಸಲ ಅದುಮಿದರು. ಚಿಲಕ ಟಕ್ಕೆಂದು ಕೂತಿತು. ಅವರಿಗೆ ಅದರ ಮೇಲೆ ಗಮನವೇ ಇರಲಿಲ್ಲ. ನಾನು ಮಾತ್ರ ಆ ಕಾಲನ್ನೇ ನೋಡುತ್ತ ನಿಂತೆ. ಇದು ಸೋತ ಕಾಲಾದರೆ ನನ್ನವು ಎರಡೂ ಯಾತಕ್ಕೆ ಬಂದವು?

ಶನಿವಾರ ನನಗೆ ರಜೆ, ನಮ್ಮವರು ಅಂಗಡಿಗೆ ಹೋಗಿದ್ದರು. ನಾನು ಹೋಗಿ ಅತ್ತೆಯ ಮಂಚದ ಮುಂದೆ ನಿಂತೆ.

"ಅತ್ತೆ, ಕ್ಲಚ್ಚಿನ ಆಯಿಲ್ ನಾನೇ ಬದಲಾಯಿಸ್ತೀನಿ. ನೀವು ಹೇಳಿಕೊಡಿ."

"ನೀನಾ? ಕ್ಲಚ್ಚು ಎಡಗಡೆ ಇರುತ್ತೋ ಬಲಗಡೆ ಇರುತ್ತೋ ಗೊತ್ತೇನೇ?"

ತಪ್ಪಿಲ್ಲ. ನಾನು ಓಡಿಸುವುದು ಗೇರಿಲ್ಲದ ಸ್ಕೂಟರು. ಮದುವೆಯಾದ ವರ್ಷ ಅತ್ತೆ ಕಾರು ಕಲಿಸಲು ಕರೆದುಕೊಂಡು ಹೋಗಿದ್ದರು. ಮೊದಲ ಪಾಠದಲ್ಲೇ, ಗಾಡಿ ಇನ್ನೂ ಚಾಲೂ ಆಗುವ ಮುಂಚೆಯೇ, ಇಬ್ಬರಿಗೂ ಜಗಳ ಹತ್ತಿ ನಡೆದುಕೊಂಡು ಮನೆಗೆ ಬಂದಿದ್ದೆ.

"ಅದಕ್ಕೇ ಹೇಳಿಕೊಡಿ ಅಂತಿರೋದು. ಒಬ್ಬರು ಪೆಡಲ್ ಒತ್ತಬೇಕಂತೆ, ಒಬ್ಬರು ಕೆಳಗೆ ಮಲಗಬೇಕಂತೆ. ನೀವು ಮಲಗ್ತೀರಾ?"

ಅತ್ತೆ ಮಂಚದಿಂದ ಕಾಲು ಕೆಳಗಿಟ್ಟರು. ಮಾರುವ ಸಾಮಾನನ್ನು ಚೊಕ್ಕ ಮಾಡದೆ ಕೊಡುವ ಜಾತಿಯಲ್ಲ ಅವರದು, ಅದು ನನಗೆ ಗೊತ್ತಿತ್ತು. "ನಡಿ" ಅಂದರು.

ಶೆಡ್ಡಿನಲ್ಲಿ ಮೊದಲು ನಾನು ನನ್ನ ಸಾಮಾನು ತೆಗೆದೆ. ಪಾರ್ಸೆಲ್ ತೂಗುವ ಒಂದು ಚಪ್ಪಟೆ ತಕ್ಕಡಿ ನನ್ನ ಹತ್ತಿರ ಇದೆ, ಪುಸ್ತಕದಷ್ಟು ಅಗಲ. ಅಂಕಿ ತೋರಿಸುವ ಪೆಟ್ಟಿಗೆ ಬೇರೆ, ನಡುವೆ ವೈರು. ತಕ್ಕಡಿಯನ್ನು ನೆಟ್ಟಗೆ ನಿಲ್ಲಿಸಿ ಪೆಡಲಿಗೆ ಆನಿಸಿ, ಅಂಕಿ ಸೊನ್ನೆಗೆ ತಂದು, ಅದರ ಮೇಲೆ ಕಾಲಿಟ್ಟು ಒತ್ತಿದೆ. ಒತ್ತಿದೆ ಅಂತ ಸುಲಭವಾಗಿ ಹೇಳುತ್ತಿದ್ದೇನೆ. ಹಲ್ಲು ಕಚ್ಚಿಕೊಂಡು, ಸೀಟಿಗೆ ಬೆನ್ನು ಕೊಟ್ಟು ತಳ್ಳಿದೆ. ಮೂವತ್ತೆರಡು ಕಿಲೋ ತೋರಿಸಿತು. ಕಾಲು ತೆಗೆದರೆ ಪೆಡಲ್ ತಕ್ಷಣ ಮೇಲೆ ಬರಲಿಲ್ಲ, ನಿದ್ದೆಯಿಂದ ಎದ್ದವರ ಹಾಗೆ ನಿಧಾನವಾಗಿ ಬಂತು.

"ಮೂವತ್ತೆರಡು" ಅಂದೆ.

"ಎಷ್ಟಿರಬೇಕು?" ಅಂದರು ಅತ್ತೆ.

"ನೀವು ಹೇಳಬೇಕು."

"ನಾನೇನು ಕ್ಲಚ್ಚನ್ನ ತೂಗಿಸ್ಕೊಂಡು ಓಡಿಸ್ತಿದ್ನಾ?"

ನನ್ನ ಕೆಲಸದಲ್ಲಿ ಹೀಗೆ ಯಾವತ್ತೂ ಆಗಿರಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಸರಿಯಾದ ಬಟ್ಟು ಇರುತ್ತದೆ, ಅಂಗಡಿಯವನದನ್ನು ಅದರ ಎದುರು ಇಡುತ್ತೇನೆ, ತೀರ್ಮಾನ ಆಗುತ್ತದೆ. ಇಲ್ಲಿ ಎದುರಿಗಿಡಲು ಏನೂ ಇಲ್ಲ. ಹಾಗಾದರೆ ಕಾಲನ್ನೇ ತೂಗೋಣವೆಂದು, ತಕ್ಕಡಿಯನ್ನು ಗೋಡೆಗೆ ಆನಿಸಿ, "ಇದನ್ನ ಎಡಗಾಲಿಂದ ಒತ್ತಿ ನೋಡೋಣ" ಅಂದೆ. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ತಕ್ಕಡಿಯನ್ನು ನಾನೇ ಚೀಲಕ್ಕೆ ಹಾಕಿಕೊಂಡೆ.

ಬಾನೆಟ್ ಎತ್ತಿದರೆ ಮೂಲೆಯಲ್ಲಿ ಆಯಿಲಿನ ಚಿಕ್ಕ ಡಬ್ಬಿ. ಪೆಡಲ್ ಒತ್ತಿದ ಬಲವನ್ನು ಗೇರ್‌ಬಾಕ್ಸಿನ ತನಕ ಒಯ್ಯುವುದು ಈ ಆಯಿಲೇ ಅಂತೆ. ಮುಚ್ಚಳ ತಿರುಗಿಸಿದೆ. ಆಯಿಲ್ ಜೇನಿನ ಬಣ್ಣದಲ್ಲಿ ತಿಳಿಯಾಗಿ ಹೊಳೆಯುತ್ತಿತ್ತು.

"ಚೆನ್ನಾಗೇ ಇದೆಯಲ್ಲ ಅತ್ತೆ."

"ಇರಲೇಬೇಕು. ತಿಂಗಳಿಗೊಂದು ಸಲ ನಾನೇ ಮುಚ್ಚಳ ತೆಗೆದು ಹೊಸದನ್ನ ಹೊಯ್ದು ತುಂಬಿಸ್ತಿದ್ದೆ."

"ಹಳೇದನ್ನ ಯಾವಾಗ ತೆಗೀತಿದ್ರಿ?"

ಅತ್ತೆ ಬಾಗಿ ಡಬ್ಬಿಯೊಳಗೆ ಇಣುಕಿದರು. ನಾನು ಒಂದು ಕಡ್ಡಿ ಇಳಿಸಿ ತಳ ಕೆದಕಿದೆ. ಕಪ್ಪು ಮಸಿಯಂಥದು ಸುರುಳಿ ಸುರುಳಿಯಾಗಿ ಮೇಲೆ ಬಂತು. ಊರಿಗೆಲ್ಲ ಗಾಡಿ ಕಲಿಸಿದವರು ಇಷ್ಟು ವರ್ಷ ಮೇಲೆ ಮೇಲೆ ಹೊಯ್ದುಕೊಂಡು ಬಂದಿದ್ದರು. ನಮ್ಮ ಮನೆಯ ಬುದ್ಧಿಯೇ ಹಾಗೆ. ಸೋಪಿನ ನೀರಿನ ಬಾಟಲಿಗೂ ತಳ ಕಾಣುವ ಮುಂಚೆ ಹೊಸದು ಬೀಳುತ್ತದೆ, ಬಾಟಲಿ ತೊಳೆದದ್ದನ್ನು ನಾನು ನೋಡಿಯೇ ಇಲ್ಲ.

"ಏನು ನೋಡ್ತೀಯ, ತೆಗಿ ಅದನ್ನ" ಅಂದರು ಅತ್ತೆ. ದನಿಯಲ್ಲಿ ಸ್ವಲ್ಪ ಹಳೇ ಖಾರ ಇತ್ತು. ನನಗೆ ಒಳಗೊಳಗೇ ಖುಷಿಯಾಯಿತು.

ಸುತ್ತಲಿನ ಬಣ್ಣಕ್ಕೆ ಒದ್ದೆ ಬಟ್ಟೆ ಹೊದಿಸಲು ಹೇಳಿದರು. ಈ ಆಯಿಲ್ ಬಿದ್ದ ಕಡೆ ಬಣ್ಣ ಕಿತ್ತು ಬರುತ್ತದಂತೆ. ಡಬ್ಬಿಯದನ್ನು ಸಿರಿಂಜಿನಿಂದ ಹೀರಿ ತೆಗೆದು, ಒರೆಸಿ, ಹೊಸ ಟಿನ್ನು ಒಡೆದು ತುಂಬಿಸಿದೆ. ಗಾಡಿಯನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿಗೆ ಕೂರಿಸಿ, ಅವರು ಹೇಳಿದ ಹಾಗೆ ಎರಡೆರಡು ಸಲ ಅಲ್ಲಾಡಿಸಿ ನೋಡಿ, ಗೋಣಿಚೀಲ ಹಾಸಿ ಅಡಿಗೆ ನುಸುಳಿದೆ. ಗೇರ್‌ಬಾಕ್ಸಿನ ಪಕ್ಕದಲ್ಲಿ ಹೆಬ್ಬೆರಳಿನ ಗಾತ್ರದ ಸಿಲಿಂಡರು, ಅದಕ್ಕೊಂದು ತಿರುಪಿನ ಸಣ್ಣ ಮೂತಿ, ನಿಪ್ಪಲ್. ನಿಪ್ಪಲಿಗೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗಾಜಿನ ಬಾಟಲಿಯೊಳಗೆ ಸ್ವಲ್ಪ ಆಯಿಲಿನಲ್ಲಿ ಮುಳುಗಿಸಿಟ್ಟೆ. ಮೇಲಿನವರು ಪೆಡಲ್ ಒತ್ತಬೇಕು, ಆಗ ನಾನು ನಿಪ್ಪಲ್ ಸಡಿಲಿಸಬೇಕು, ಹಳೇ ಆಯಿಲ್ ಬಾಟಲಿಗೆ ಬರುತ್ತದೆ. ನಾನು ಬಿಗಿ ಮಾಡಿದ ಮೇಲೆಯೇ ಅವರು ಕಾಲು ತೆಗೆಯಬೇಕು, ಇಲ್ಲದಿದ್ದರೆ ಗಾಳಿ ಒಳಗೆ ಹೋಗುತ್ತದೆ. ಇದಿಷ್ಟೇ ಆಟ.

"ಒತ್ತಿ" ಅಂದೆ.

ಮೇಲೆ ಸೀಟು ಕಿರುಗುಟ್ಟಿತು. ಅತ್ತೆ ಉಸಿರು ಹಿಡಿದದ್ದು ಕೆಳಗೆ ನನಗೇ ಕೇಳಿಸಿತು. "ಒತ್ತಿದೆ" ಅಂದರು, ಹಲ್ಲುಗಳ ನಡುವಿನಿಂದ.

"ಹಿಡೀರಿ."

"ಜೀವನವೆಲ್ಲಾ ನಾನು ಹೇಳಿದ್ದನ್ನ ಈಗ ನೀನು ನನಗೆ ಹೇಳ್ತಿದೀಯ."

"ಮಾತು ಬೇಡ, ಪಾಠದ ಮೇಲೆ ಗಮನ ಇರಲಿ" ಅಂದೆ. ಅದೂ ಅವರದೇ ಮಾತು.

ನಿಪ್ಪಲ್ ಸಡಿಲಿಸಿದೆ. ಚಿಮ್ಮಿ ಬರುತ್ತದೆಂದು ಕಣ್ಣು ಕಿರಿದು ಮಾಡಿಕೊಂಡಿದ್ದೆ. ಬಂದದ್ದು ಏನು? ಕಪ್ಪಗಿನ ಒಂದು ಹನಿ, ಯೋಚನೆ ಮಾಡಿಕೊಂಡು ಇನ್ನೊಂದು ಹನಿ. ಮೇಲೆ ಅತ್ತೆ ಸೀಟಿಗೆ ಒರಗಿ ತಳ್ಳುತ್ತಿದ್ದರು, ಗಾಡಿಯೇ ಅಲ್ಲಾಡುತ್ತಿತ್ತು, ಕೆಳಗೆ ಹನಿ ತೊಟ್ಟಿಕ್ಕುತ್ತಿತ್ತು. ಇಷ್ಟು ಬಲ ಮೇಲಿಂದ ಹೊರಟಿದ್ದು ಹೋಗುತ್ತಿರುವುದು ಎಲ್ಲಿಗೆ? ಯಾವನೋ ದಾರಿಯಲ್ಲಿ ಹೆಬ್ಬೆರಳು ಇಟ್ಟಿದ್ದಾನೆ ಅಂತ ನನಗೆ ಖಾತ್ರಿಯಾಯಿತು.

"ಅತ್ತೆ, ಡಬ್ಬಿಯಿಂದ ಇಲ್ಲಿಯವರೆಗೆ ಏನೇನು ಇದೆ?"

"ಕಬ್ಬಿಣದ ಕೊಳವೆ. ಕಡೆಯಲ್ಲಿ ಒಂದು ಗೇಣು ರಬ್ಬರ್ ಪೈಪು."

ರಬ್ಬರ್ ಪೈಪನ್ನು ಮುಟ್ಟಿ ನೋಡಿದೆ. ಹೊರಗೆ ಗಟ್ಟಿಮುಟ್ಟಾಗಿತ್ತು, ಒಂದು ಬಿರುಕೂ ಇರಲಿಲ್ಲ. ಬಿಚ್ಚಿಕೊಂಡು ಹೊರಗೆ ಬಂದೆ. ಊದಿ ನೋಡೋಣ ಅಂದರೆ ಅತ್ತೆ ಕೈ ಹಿಡಿದರು, ಬಾಯಿ ಸುಟ್ಟುಕೊಂಡೀಯ ಅಂತ. ಸೈಕಲ್ ಪಂಪು ತಂದು ತುದಿಗೆ ಒತ್ತಿ ಹಿಡಿದೆ, ಅತ್ತೆ ಗಾಳಿ ಹೊಡೆದರು. ಇನ್ನೊಂದು ತುದಿಗೆ ಬೆರಳಿಟ್ಟರೆ ಗಾಳಿ ಬಂದೂ ಬಾರದ ಹಾಗೆ. ಪೊರಕೆ ಕಡ್ಡಿ ತೂರಿಸಿದೆ, ಹೋಗಲಿಲ್ಲ. ಹೊಲಿಗೆ ಸೂಜಿ ತೂರಿಸಿದೆ, ಅದೂ ತಿಣುಕಿತು. ಕೊನೆಗೆ ತಡೆಯಲಾರದೆ ಚಾಕು ತಂದು ಪೈಪನ್ನು ಉದ್ದಕ್ಕೆ ಸೀಳಿದೆ. ಒಳಗಿನ ರಬ್ಬರು ಊದಿಕೊಂಡು ದಾರಿ ಮುಚ್ಚಿಹೋಗಿತ್ತು. ಒಂದು ಕೂದಲು ದಪ್ಪನೆಯದಾದರೆ ಅದೂ ಸಿಕ್ಕಿಕೊಳ್ಳುತ್ತಿತ್ತು.

ಇಬ್ಬರೂ ಆ ಪೈಪನ್ನು ಬೆಂಚಿನ ಮೇಲಿಟ್ಟು ನೋಡಿದೆವು. "ಆಪರೇಷನ್ನಿಗೆ ಮುಂಚೆನೇ ಭಾರ ಆಗಿತ್ತಾ ಅತ್ತೆ?" ಅಂದೆ.

"ಸ್ವಲ್ಪ ಆಗಿತ್ತು. ಮಂಡಿ ನೋವಿತ್ತಲ್ಲ, ಮಂಡಿಯದೇ ಅಂದ್ಕೊಂಡೆ" ಅಂದರು. ಆಮೇಲೆ ಗಾಡಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿತ್ತು, ಪೈಪು ತನ್ನ ಪಾಡಿಗೆ ಪೂರ್ತಿ ಊದಿಕೊಂಡಿತ್ತು.

ಸೀಳಿದ ಪೈಪು ಹಿಡಿದುಕೊಂಡು ಸ್ಕೂಟರಿನಲ್ಲಿ ಬಿಡಿಭಾಗದ ಅಂಗಡಿಗೆ ಹೋದೆ. ನನ್ನನ್ನು ಕಂಡ ಕೂಡಲೇ ಅಂಗಡಿಯವನು ನಟ್ಟು ಬೋಲ್ಟು ತೂಗುವ ತಕ್ಕಡಿಗೆ ಬಟ್ಟೆ ಹೊದಿಸಿದ. "ಇವತ್ತು ನಾನು ಗಿರಾಕಿ ಕಣಯ್ಯ, ಹೆದರಬೇಡ" ಅಂದ ಮೇಲೂ ಅವನು ಆ ಬಟ್ಟೆ ತೆಗೆಯಲಿಲ್ಲ. ಸೋಮವಾರ ಆ ಅಂಗಡಿಗೆ ಹೋಗಲೇಬೇಕು ಅಂತ ಮನಸ್ಸಿನಲ್ಲೇ ಬರೆದುಕೊಂಡೆ. ಅದೇ ಉದ್ದ, ತುದಿಗೆ ಅದೇ ತಿರುಪಿರುವ ಪೈಪು ಹುಡುಕಿ ಕೊಟ್ಟ.

ಹೊಸದನ್ನು ಕೂರಿಸಿ ಮತ್ತೆ ಕೆಳಗೆ ಮಲಗಿದೆ. "ಒತ್ತಿ" ಅಂದೆ. ಮೇಲಿಂದ ಮಾತೇ ಇಲ್ಲ.

"ಅತ್ತೆ?"

"ಏನೂ ಸಿಗ್ತಿಲ್ಲ ಕಣೇ. ಕಾಲಿಗೆ ಏನೂ ಸಿಗ್ತಾ ಇಲ್ಲ." ದನಿ ತೆಳ್ಳಗಾಗಿತ್ತು. ಕಾಲಿನ ಸ್ಪರ್ಶವೇ ಹೋಯಿತೆಂದು ಅವರು ಹೆದರಿದ್ದರು.

"ಒಳಗೆ ಗಾಳಿ ತುಂಬಿದೆ ಅತ್ತೆ, ನೀವೇ ಹೇಳಿದ್ರಲ್ಲ. ಗಾಳಿ ಒತ್ತಿದ್ರೆ ಏನು ಸಿಗುತ್ತೆ? ಒತ್ತಿ. ಹಿಡೀರಿ. ಬಿಡಿ."

ಬಾಟಲಿಯಲ್ಲಿ ಗುಳ್ಳೆಗಳು ಎದ್ದವು. ಮೊದಲು ದೊಡ್ಡವು, ಆಮೇಲೆ ಸಾಸಿವೆಯಷ್ಟು. ಕೊಳವೆಯೊಳಗೆ ಕಪ್ಪು ಕಂದಾಯಿತು, ಕಂದು ತಿಳಿಯಾಯಿತು. ನಡುನಡುವೆ ಎದ್ದು ಹೋಗಿ ಡಬ್ಬಿ ತುಂಬಿಸಿ ಬರುತ್ತಿದ್ದೆ, ಅದು ಬರಿದಾದರೆ ಮತ್ತೆ ಗಾಳಿ ಎಳೆದುಕೊಂಡು ಮೊದಲಿನಿಂದ ಶುರು. ಒತ್ತಿ, ಹಿಡೀರಿ, ಬಿಡಿ ಅಂದು ಅಂದು ಗಂಟಲು ಒಣಗಿತು. ಹೀಗೆ ಹೇಳುತ್ತಿರುವಾಗ ಮೇಲಿನ ಉತ್ತರ ಬದಲಾಗುತ್ತಾ ಬಂತು. ಮೊದಲಿನ "ಒತ್ತಿದೆ"ಯಲ್ಲಿ ಸಂಶಯ ಇತ್ತು. ಕಡೆಕಡೆಗೆ ನಾನು ಹೇಳುವ ಮುಂಚೆಯೇ "ಒತ್ತಾಯ್ತು, ಬೇಗ ಬೇಗ ಮಾಡೇ, ಅಲ್ಲೇ ನಿದ್ದೆ ಹೋದ್ಯಾ" ಅನ್ನುತ್ತಿದ್ದರು.

ಗುಳ್ಳೆ ನಿಂತ ಮೇಲೆ ಹೊರಗೆ ಬಂದು, ಅತ್ತೆಯನ್ನು ಇಳಿಸಿ ನಾನೇ ಕೂತು, ತಕ್ಕಡಿ ಆನಿಸಿ ಒತ್ತಿದೆ. ಹದಿನೈದು ಕಿಲೋ. ಕಾಲು ತೆಗೆದರೆ ಪೆಡಲ್ ಟಪ್ಪನೆ ಎದ್ದು ಬಂತು. ನನಗೆ ಕುಣಿಯುವಷ್ಟಾಯಿತು. "ಅತ್ತೆ, ಅರ್ಧಕ್ಕರ್ಧ ಇಳಿದಿದೆ. ಕಾಲಿಗೇನೂ ಆಗಿಲ್ಲ, ಎಲ್ಲ ಈ ಪೈಪಿನ ಕಿತಾಪತಿ."

ಅತ್ತೆ ಮತ್ತೆ ಸೀಟಿಗೆ ಬಂದು, ಕಾಲನ್ನು ಪೆಡಲಿನ ಮೇಲಿಟ್ಟು ಮೆಲ್ಲಗೆ ಒತ್ತುತ್ತ ಬಿಡುತ್ತ ಕೂತರು. ಮುಖದಲ್ಲಿ ನಾನು ಕಾದಿದ್ದ ಬೆಳಕು ಬರಲಿಲ್ಲ.

"ಹಗುರ ಆಗಿದೆ, ಇಲ್ಲ ಅನ್ನಲ್ಲ" ಅಂದರು. "ಆದ್ರೆ ಲೆಕ್ಕ ಸರಿಯಾಗಿ ಹಾಕು. ಭಾರ ಇದ್ದಾಗಲೇ ನಿನ್ನ ಗಂಡನಿಗೆ ಹಗುರವಾಗಿತ್ತು. ಆ ಡಾಕ್ಟರಿಗೆ ಬೆಣ್ಣೆ ಆಗಿತ್ತು. ಸರಿಯಿರೋ ಕಾಲಿಗೆ ಆಗಲೂ ಅದು ಲೆಕ್ಕಕ್ಕಿರಲಿಲ್ಲ. ನಂಗೆ ಇಷ್ಟು ಇಳಿಸಿಕೊಟ್ಟ ಮೇಲೆ ಒತ್ತೋಕಾಯ್ತು. ಹಾಗಿದ್ರೆ ಕಾಲು ಕುಂದಿದ್ದು ಕುಂದಿದ್ದೇ ತಾನೆ?"

ಲೆಕ್ಕದಲ್ಲಿ ತಪ್ಪು ಹುಡುಕುವುದೇ ನನ್ನ ಅನ್ನ, ಆ ಲೆಕ್ಕದಲ್ಲಿ ತಪ್ಪು ಸಿಗಲಿಲ್ಲ. ತಪ್ಪು ಇದ್ದರೆ ಬಟ್ಟಿನಲ್ಲೇ ಇರಬೇಕು, ಎದುರಿಗಿಟ್ಟು ತೂಗಿದ ಬಟ್ಟಿನಲ್ಲಿ.

"ಅವರಿಬ್ಬರೂ ಸುಳ್ಳು ಹೇಳಿದ್ರೆ?" ಅಂದೆ.

"ಯಾಕೆ ಹೇಳ್ತಾರೆ?"

"ಯಾಕೋ ಗೊತ್ತಿಲ್ಲ. ಬೆಣ್ಣೆ ಅಂದ ಮನುಷ್ಯ ಆಯಿಲ್ ಬದಲಾಯಿಸಿ ಅಂತ ಯಾಕೆ ಕೇಳ್ದ, ಅದನ್ನ ಹೇಳಿ."

ಅತ್ತೆ ಸ್ಟೇರಿಂಗಿನ ಮೇಲೆ ಬೆರಳಾಡಿಸಿದರು. ಆಮೇಲೆ, ಪಾಠ ಶುರು ಮಾಡುವ ಮುಂಚೆ ಕನ್ನಡಿ ಸರಿ ಮಾಡಿಕೊಳ್ಳುವ ಹಾಗೆ, ಮೈ ನೆಟ್ಟಗೆ ಮಾಡಿಕೊಂಡರು. "ನಿನ್ನ ಗಂಡನನ್ನ ಕೇಳೋದೇನೂ ಬೇಡ. ಬರಲಿ, ಕೂತು ಒತ್ತಲಿ. ಪೈಪು ಬದಲಾಯಿಸಿದ್ದು ಬಾಯಿ ಬಿಡಬೇಡ. ಎಷ್ಟು ಜನರ ಕಾಲು ನೋಡಿದೀನಿ ನಾನು, ಒಬ್ಬೊಬ್ಬರು ಪೆಡಲಿಗೆ ಕಾಲು ತಗೊಂಡು ಹೋಗೋ ರೀತೀಲೇ ಒಳಗೇನಿದೆ ಅಂತ ಹೇಳಬಲ್ಲೆ."

ಗಾಡಿ ಇಳಿಸಿ, ಬಾಟಲಿ ಬಚ್ಚಿಟ್ಟು, ಕೈ ತೊಳೆದು ಕಾದೆವು. ಸೀಳಿದ ಪೈಪನ್ನು ಅತ್ತೆ ಸೆರಗಿನಡಿ ಇಟ್ಟುಕೊಂಡರು.

ನಮ್ಮವರು ಸಂಜೆ ಅಂಗಡಿ ಮುಚ್ಚಿ ಬಂದರು. ಅತ್ತೆ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ, ಕಾರಿನ ತೆರೆದ ಬಾಗಿಲಿನ ಎದುರಿಗೇ ಕೂತಿದ್ದರು. "ನಾಳೆ ಡಾಕ್ಟರು ಬರ್ತಾರಲ್ಲ, ಒಂದ್ಸಲ ಕೂತು ಕ್ಲಚ್ ಒತ್ತಿ ನೋಡೋ" ಅಂದರು, ಬಿಸ್ಕತ್ತು ತಗೋ ಅನ್ನುವ ದನಿಯಲ್ಲಿ.

"ಅದರಲ್ಲೇನಿದೆ ನೋಡೋಕೆ, ಹಗುರವಾಗೇ ಇದೆಯಲ್ಲ" ಅಂದರು ನಮ್ಮವರು.

"ಇರಲಿ, ಒತ್ತು."

ಕೂತರು. ನಾನು ಅತ್ತೆಯ ಹಿಂದೆ ನಿಂತು ನೋಡಿದೆ. ಮೊದಲು ಬೆನ್ನನ್ನು ಸೀಟಿಗೆ ಗಟ್ಟಿಯಾಗಿ ಆನಿಸಿದರು. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದರು. ಕೆಳತುಟಿ ಹಲ್ಲಿನಡಿ ಹೋಯಿತು, ಉಸಿರು ನಿಂತಿತು. ತೊಡೆ ಬಿಗಿದು, ಎಡಗಾಲು ಎತ್ತಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ತುಳಿದರು. ಪೆಡಲ್ ಧಡ್ಡೆಂದು ನೆಲಕ್ಕೆ ಹೋಯಿತು. ಅದರ ಹಿಂದೆಯೇ ಅವರೂ ಸೀಟಿನಿಂದ ಜಾರಿ ಹೋದರು. ಮಂಡಿ ಡ್ಯಾಶ್‌ಬೋರ್ಡಿನ ಅಡಿಗೆ ಬಡಿಯಿತು, ಕನ್ನಡಕ ಮೂಗಿನಿಂದ ಹಾರಿ ತೊಡೆಯ ಮೇಲೆ ಬಿತ್ತು.

ಅತ್ತೆ ಸೆರಗಿನಡಿಯಿಂದ ಸೀಳಿದ ಪೈಪು ತೆಗೆದು ಮಗನ ಕೈಯಲ್ಲಿಟ್ಟರು.

"ಯಾವಾಗಲೂ ಹಗುರವಾಗಿದ್ದ ಕ್ಲಚ್ಚಿಗೆ ಅಷ್ಟು ಬಲ ಯಾಕಪ್ಪಾ ಹಾಕ್ದೆ?"

ನಮ್ಮವರು ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಂಡಿ ಉಜ್ಜಿಕೊಂಡರು. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ, ಎರಡೇ ಸೀಟಿನ ಗಾಡಿ, ಬಾಗಿಲಿಗೆ ಅಡ್ಡ ಅಮ್ಮ.

"ಆವತ್ತು ನಂಗೂ ಆಗ್ಲಿಲ್ಲಮ್ಮ" ಅಂದರು. "ಅರ್ಧಕ್ಕೆ ಹೋಗಿ ನಿಂತುಬಿಡ್ತು. ನೀನು ಪಕ್ಕದಲ್ಲೇ ನಿಂತಿದ್ದೆ. ನಿನ್ನ ಮಗ ಆಗಿ ಕ್ಲಚ್ ಒತ್ತೋಕಾಗಲ್ಲ ಅಂತ ಹೇಗೆ ಹೇಳ್ಲಿ? ನಾಚಿಕೆ ಆಯ್ತು. ಹಗುರ ಇದೆ ಅಂದ್ಬಿಟ್ಟೆ."

"ಆಮೇಲೆ?"

"ಆಮೇಲೆ ನೀನು ಮಾರ್ತೀನಿ ಅಂದೆ." ಕನ್ನಡಕ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡಿದ್ದರು. "ನಿಜ ಹೇಳಬೇಕು ಅಂದ್ಕೊಂಡೆ. ಆದ್ರೆ ನಿನ್ನನ್ನ ಆಸ್ಪತ್ರೆಲಿ ನೋಡಿದ ಮೇಲೆ ನಂಗೆ ಭಯ ಹೊಕ್ಕಿತ್ತಮ್ಮ. ನೀನು ಈ ಗಾಡೀಲಿ ಹೊರಗೆ ಹೋದಾಗೆಲ್ಲ ವಾಪಸು ಬರ್ತೀಯೋ ಇಲ್ವೋ ಅಂತ ಅನ್ಸೋದು. ಇದು ಮನೆಯಿಂದ ಹೋದ್ರೆ ಸಾಕು ಅಂತ ಸುಮ್ಮನಿದ್ದೆ."

ಅತ್ತೆ ಬೈಯುತ್ತಾರೆಂದು ನಾನು ಕಾದೆ. ಅವರು ಬೈಯಲಿಲ್ಲ.

"ನಾನು ಮೆಟ್ಟಿಲು ಹತ್ತೋದು ಬಿಟ್ಟೆ ಕಣೋ" ಅಂದರು. "ಇಸ್ತ್ರಿ ಟೇಬಲ್ ಪಕ್ಕ ಮಲಗಿ ಗೋಡೆ ನೋಡ್ಕೊಂಡು, ಇಲ್ಲಿಂದ ಇನ್ನೇನಿದ್ರೂ ಕೆಳಗಿಳಿಯೋದೇ ಅಂತ ಅಂದ್ಕೊಳ್ತಿದ್ದೆ. ಭಯ ಇದ್ರೆ ಭಯ ಅನ್ನಬೇಕಿತ್ತು. ಓಡಿಸಬೇಡಮ್ಮ ಅನ್ನಬೇಕಿತ್ತು. ಜಗಳ ಆಡ್ತಿದ್ವಿ, ಅಷ್ಟೇ. ನನ್ನ ಕಾಲನ್ನ ನಾನೇ ನಂಬದ ಹಾಗೆ ಮಾಡಿಬಿಟ್ಯಲ್ಲೋ."

ನಮ್ಮವರ ಕಣ್ಣಲ್ಲಿ ನೀರು ತುಂಬಿತು. ನನಗೆ ಆ ಮನುಷ್ಯನ ಮೇಲೆ ಸಿಟ್ಟು ನೆತ್ತಿಗೇರಿತ್ತು, ಪಾಪ ಅಂತಲೂ ಅನಿಸುತ್ತಿತ್ತು. ತಡೆಯಲಾರದೆ ಕೇಳಿಯೇ ಬಿಟ್ಟೆ: "ಆ ಡಾಕ್ಟರು ಬೆಣ್ಣೆ ಅಂದ್ರಲ್ಲಾ ರೀ, ಅದೇನು ಕಥೆ?"

"ಅವನು ಮಾರನೇ ದಿನ ಕುಂಟ್ತಾ ಬಂದ" ಅಂದರು ಮೂಗು ಒರೆಸಿಕೊಂಡು. "ಮೀನಖಂಡ ಹಿಡ್ಕೊಂಡಿದೆ ಅಂದ. ಆಯಿಲ್ ಬದಲಾಯಿಸಿದ್ರೆ ಹಗುರ ಆಗಬಹುದಾ ಅಂತ ನನ್ನನ್ನೇ ಗುಟ್ಟಾಗಿ ಕೇಳ್ದ."

ಅತ್ತೆಯ ಹೆಗಲು ಅಲ್ಲಾಡಿತು. ಅಳುತ್ತಿದ್ದಾರೆ ಅಂದುಕೊಂಡೆ, ಬಗ್ಗಿ ನೋಡಿದರೆ ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಅವನಿಗೆ ಫೋನ್ ಮಾಡಿ ನಾಳೆ ಬರಬೇಡ ಅಂತ ಹೇಳು" ಅಂದರು. "ನೀನು ನಾಳೆ ನನ್ನ ಜೊತೆ ಬಾ. ಭಯ ಇದ್ದವರು ಪಕ್ಕದ ಸೀಟಲ್ಲಿ ಕೂತ್ಕೊಳ್ಳಲಿ. ನಾಡಿದ್ದಿಂದ ಇವಳ ಪಾಠ ಶುರು."

"ನಾನು ಯಾವಾಗ ಒಪ್ಪಿದೆ?" ಅಂದೆ.

"ನಿನ್ನನ್ನ ಯಾರು ಕೇಳಿದ್ರು?"

ಮಂಚವನ್ನು ಆವತ್ತೇ ಮೇಲೆ ಸಾಗಿಸಬೇಕೆಂದು ಹಟ ಹಿಡಿದರು. ನಮ್ಮವರು ಮುಂದೆ, ನಾನು ಹಿಂದೆ, ಮಂಚ ನಡುವೆ. ನಾವು ಮೇಲೆ ಮುಟ್ಟಿ ಏದುಸಿರು ಬಿಡುತ್ತ ತಿರುಗಿ ನೋಡಿದರೆ ಅತ್ತೆ ಇನ್ನೂ ಕೆಳಗೆ ಮೆಟ್ಟಿಲಿನ ಬುಡದಲ್ಲಿ ನಿಂತಿದ್ದರು. ನಾನು ಇಳಿದು ಹೋಗಿ ಕೈ ಕೊಡಲು ಹೊರಟೆ, ನಮ್ಮವರು ತಡೆದರು. ಅತ್ತೆ ಎಡಗಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟು, ಟ್ರಂಕಿನ ಮುಚ್ಚಳ ಅದುಮಿದ ಹಾಗೆ ಅದುಮಿ, ಮೇಲೆ ಬಂದರು. ಆಮೇಲಿನ ಮೆಟ್ಟಿಲುಗಳಿಗೆ ಯಾವ ಕಾಲು ಮೊದಲು ಅಂತ ಅವರು ನೋಡಲೇ ಇಲ್ಲ.

ಬೆಳಗ್ಗೆ ನನಗೆ ಬೇಗ ಎಚ್ಚರವಾಯಿತು. ಪಕ್ಕದಲ್ಲಿ ನಮ್ಮವರೂ ಕಣ್ಣು ಬಿಟ್ಟುಕೊಂಡು ಮಲಗಿದ್ದರು. ಹೊರಗೆ ಯಾವುದೋ ಗಾಡಿ ಏರು ಹತ್ತತೊಡಗಿತು, ನಡುವೆ ಬಂದು ಗೇರು ಕಿರ್ರೆಂದಿತು. ಇಬ್ಬರೂ ಉಸಿರು ಹಿಡಿದು ಕಾದೆವು.

"ಕ್ಲಚ್ ಪೂರ್ತಿ ಒತ್ತೋ, ಕಾಲಲ್ಲಿ ಜೀವ ಇಲ್ವಾ" ಅಂತ ಮೇಲಿಂದ ಕೇಳಿಸಿತು.

ನಮ್ಮವರು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು. ನಾನು ಎದ್ದು ಹೋಗಿ ಅತ್ತೆಯ ಟೀಗೆ ನೀರಿಟ್ಟೆ.